ಓದದೆ ಸೈನ್ ಹಾಕಲ್ಲ ಭಾವ

ನಮ್ಮ ಚಿಕ್ಕಮ್ಮ ಮಿಲ್ಲಿನ ಲೆಕ್ಕ ಕೇಳಿದ ದಿನದ ಕಥೆಯನ್ನು ಚಳಿಗಾಲದಲ್ಲಿ ಮನೆಮಂದಿ ಬೆಂಕಿ ಕಾಯಿಸುತ್ತ ಕೂತಾಗೆಲ್ಲ ಹೇಳಿದ್ದೇನೆ. ಪ್ರತಿ ಸಲವೂ ಯಾರಾದರೊಬ್ಬ ಹುಡುಗಿ, ‘ದೊಡ್ಡಪ್ಪ ಬೈಲಿಲ್ವಾ?’ ಅಂತ ನಡುವೆ ಬಾಯಿ ಹಾಕುತ್ತಾಳೆ. ಬೈಯಲಿಲ್ಲ. ಆದರೆ ಬೈಯದೇ ಇರುವಷ್ಟು ದೂರಕ್ಕೆ ಅವರು ಬಂದದ್ದು ಹೇಗೆ ಅನ್ನುವುದೇ ಕಥೆ, ಅದಕ್ಕೆ ಮೊದಲಿಂದ ಹೇಳುತ್ತೇನೆ.

ಮಿಲ್ಲು ಇರುವುದು ಮಧುಗಿರಿಯಿಂದ ಶಿರಾ ಕಡೆಗೆ ಹೋಗುವ ರಸ್ತೆಯಲ್ಲಿ. ತಾತನ ಕಾಲದಲ್ಲಿ ಅಲ್ಲಿ ಒಂದು ತಗಡಿನ ಶೆಡ್ಡು, ಕಡಲೆಕಾಯಿ ಒಡೆಯುವ ಒಂದು ಮಿಷನ್ನು ಬಿಟ್ಟರೆ ಬೇರೇನೂ ಇರಲಿಲ್ಲವಂತೆ. ಆಮೇಲೆ ಎಣ್ಣೆ ತೆಗೆಯುವ ಎಕ್ಸ್‌ಪೆಲ್ಲರ್ ಬಂತು, ವೇ ಬ್ರಿಡ್ಜ್ ಬಂತು. ಪಾವಗಡದ ಕೆಂಪು ನೆಲದಲ್ಲಿ ಮಳೆ ನಂಬಿ ಬೆಳೆದ ಕಾಯಿ ದೀಪಾವಳಿಯ ಆಸುಪಾಸಿನಲ್ಲಿ ಗೋಣಿಚೀಲಗಳಲ್ಲಿ ಬಂದು ಬೀಳುತ್ತಿತ್ತು. ಶಿರಾದ ಅಂಗಡಿಯವರು ಎಣ್ಣೆ ಒಯ್ಯುತ್ತಿದ್ದರು, ಹಸು ಸಾಕಿದವರು ಹಿಂಡಿ ಒಯ್ಯುತ್ತಿದ್ದರು. ಚಿಕ್ಕಮ್ಮನ ತವರು ಕೊರಟಗೆರೆ. ಹೀಗೆ ಮಧುಗಿರಿ ಉಪವಿಭಾಗದ ನಾಲ್ಕೂ ತಾಲ್ಲೂಕು ನಮ್ಮ ಮನೆಯ ಹಜಾರದಲ್ಲೇ ಸೇರುತ್ತಿದ್ದವು.

ಬ್ಯಾಂಕಿನ ಸಾಲಕ್ಕೆ ಅನುಕೂಲ ಅಂತ ದೊಡ್ಡಪ್ಪ ಪಾಲುದಾರಿಕೆಯನ್ನು ಪ್ರೈವೇಟ್ ಲಿಮಿಟೆಡ್ ಮಾಡಿಸಿದರು. ಅಣ್ಣ ತಮ್ಮ ಇಬ್ಬರೂ ನಿರ್ದೇಶಕರು. ಚಿಕ್ಕಪ್ಪ ಅಕಾಲದಲ್ಲಿ ತೀರಿಕೊಂಡರು. ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಕನಿಷ್ಠ ಇಬ್ಬರು ನಿರ್ದೇಶಕರು, ಇಬ್ಬರು ಷೇರುದಾರರು ಇರಲೇಬೇಕೆಂದು ಕಾನೂನು ಹೇಳುತ್ತದೆ. ಮನೆತನದ ವ್ಯವಹಾರಗಳಲ್ಲಿ ಹೆಂಡತಿಯೋ ತಾಯಿಯೋ ಸೊಸೆಯೋ ನಿರ್ದೇಶಕಿಯಾಗುವುದು ಬಹಳ ಸಲ ಈ ‘ಇಬ್ಬರು’ ಅನ್ನುವ ಲೆಕ್ಕ ತುಂಬುವುದಕ್ಕೆ. ನಮ್ಮಲ್ಲೂ ಹಾಗೇ ಆಯಿತು. ಕಾರ್ಯ ಮುಗಿದು ಹೆಚ್ಚು ದಿನ ಆಗಿರಲಿಲ್ಲ, ಅಡುಗೆಮನೆಗೆ ಕಾಗದ ಬಂತು. ಚಿಕ್ಕಮ್ಮ ಮುದ್ದೆ ಕಟ್ಟುತ್ತಿದ್ದ ಕೈ ತೊಳೆದುಕೊಂಡು, ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದ ಕಡೆಗಳಲ್ಲೆಲ್ಲ ಸೈನ್ ಹಾಕಿದರು. ಕೊರಟಗೆರೆಯಲ್ಲಿ ಪಿಯುಸಿ ಮುಗಿಸಿದ್ದವರು, ಓದಲು ಬಾರದವರೇನಲ್ಲ. ಓದು ಅಂತ ಯಾರೂ ಹೇಳಲಿಲ್ಲ ಅಷ್ಟೆ.

ಸ್ವಲ್ಪ ವರ್ಷಕ್ಕೆ ಎರಡನೇ ಕಂಪನಿ ಹುಟ್ಟಿತು. ತುಮಕೂರಿನ ಹತ್ತಿರ ವಸಂತನರಸಾಪುರ ಕೈಗಾರಿಕಾ ಪ್ರದೇಶ ಬೆಳೆಯುತ್ತಿತ್ತು, ಅಲ್ಲಿ ಫುಡ್ ಪಾರ್ಕ್ ಬರುತ್ತದೆಂಬ ಮಾತು ಎಲ್ಲೆಲ್ಲೂ ಇತ್ತು. 2014ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿಯೇ ಬಂದು ಅದನ್ನು ಉದ್ಘಾಟಿಸಿದರು. ಅಲ್ಲೊಂದು ಘಟಕ ಹಾಕಬೇಕೆಂಬ ಆಸೆಯಿಂದ ದೊಡ್ಡಪ್ಪ ಮುಂಚೆಯೇ ಹೊಸ ಕಂಪನಿ ನೋಂದಾಯಿಸಿದ್ದರು. ಅದಕ್ಕೂ ಅವರು ಮತ್ತು ಚಿಕ್ಕಮ್ಮ ನಿರ್ದೇಶಕರು. ಜಾಗ ಸಿಗಲಿಲ್ಲ, ಆಸೆ ಕೈಬಿಟ್ಟರು. ಕಂಪನಿ ಮಾತ್ರ ಕಾಗದದ ಮೇಲೆ ಉಳಿದುಕೊಂಡಿತು. ವ್ಯವಹಾರವೇ ಇಲ್ಲವಲ್ಲ ಅಂತ ಅದರ ವಾರ್ಷಿಕ ವಿವರಗಳನ್ನು ಯಾರೂ ಸಲ್ಲಿಸಲಿಲ್ಲ.

ಆ ಹೊತ್ತಿಗೆ ನಾನು ಬಿ.ಕಾಂ. ಮುಗಿಸಿ ತುಮಕೂರಿನ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದೆ. ನಮ್ಮ ಮಿಲ್ಲಿನ ಕಡತವೂ ಅಲ್ಲೇ ಇತ್ತು. ಆ ಆಫೀಸಿನ ಒಂದು ಡ್ರಾಯರ್ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಪೆನ್‌ಡ್ರೈವ್‌ನಂಥ ಡಿಜಿಟಲ್ ಸಿಗ್ನೇಚರ್ ಟೋಕನ್‌ಗಳು, ಒಂದೊಂದಕ್ಕೂ ಬಿಳಿ ಸ್ಟಿಕ್ಕರು, ಸ್ಟಿಕ್ಕರಿನ ಮೇಲೆ ಹೆಸರು. ಅರ್ಧಕ್ಕಿಂತ ಹೆಚ್ಚು ಹೆಂಗಸರ ಹೆಸರು. ಕಂಪನಿ ಅರ್ಜಿಗಳೆಲ್ಲ 2006ರಿಂದ ಆನ್‌ಲೈನ್ ಆದ ಮೇಲೆ ನಿರ್ದೇಶಕರ ಸಹಿ ಅಂದರೆ ಆ ಟೋಕನ್. ಅದು ಯಾರ ಕೈಯಲ್ಲಿದೆಯೋ ಸಹಿ ಅವರ ಕೈಯಲ್ಲಿದ್ದ ಹಾಗೆ. ಪಾಸ್‌ವರ್ಡ್ ಕೂಡ ಅದೇ ಸ್ಟಿಕ್ಕರಿನ ಮೇಲೆ ಬರೆದಿರುತ್ತಿತ್ತು. ಆ ಟೋಕನ್‌ಗಳ ಒಡತಿಯರಲ್ಲಿ ಹಲವರು ಅದನ್ನು ಕಣ್ಣಾರೆ ಕಂಡಿರಲೂ ಇಲ್ಲ. ಚಿಕ್ಕಮ್ಮನದೂ ಅಲ್ಲೇ ಇತ್ತು.

2017ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ ಒಂದು ದೊಡ್ಡ ಪಟ್ಟಿ ಹೊರಡಿಸಿತು. ನೋಟು ರದ್ದತಿಯ ನಂತರ ಹೆಸರಿಗಷ್ಟೇ ಇರುವ ಶೆಲ್ ಕಂಪನಿಗಳ ಬೇಟೆ ಜೋರಾಗಿದ್ದ ಕಾಲ ಅದು. ದೇಶದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರು ಹೊಡೆದುಹಾಕಿದರು, ಮೂರು ಲಕ್ಷಕ್ಕೂ ಹೆಚ್ಚು ನಿರ್ದೇಶಕರನ್ನು ಅನರ್ಹ ಎಂದು ಸಾರಿದರು. 2013ರ ಕಂಪನಿ ಕಾಯ್ದೆಯ 164(2) ಕಲಂ ಪ್ರಕಾರ, ಒಂದು ಕಂಪನಿ ಸತತ ಮೂರು ಆರ್ಥಿಕ ವರ್ಷ ಲೆಕ್ಕಪತ್ರವನ್ನಾಗಲಿ ವಾರ್ಷಿಕ ವಿವರವನ್ನಾಗಲಿ ಸಲ್ಲಿಸದಿದ್ದರೆ ಅದರ ನಿರ್ದೇಶಕರು ಐದು ವರ್ಷ ನಿರ್ದೇಶಕರಾಗುವ ಹಾಗಿಲ್ಲ. ಹಳೆಯ 1956ರ ಕಾಯ್ದೆಯಲ್ಲಿ ಈ ಬಿಸಿ ಪಬ್ಲಿಕ್ ಕಂಪನಿಗಳಿಗೆ ಮಾತ್ರ ಇತ್ತು. ಹೊಸ ಕಾಯ್ದೆ ಅದನ್ನು ಪ್ರೈವೇಟ್ ಕಂಪನಿಗಳಿಗೂ ತಂದಿತ್ತು. ನಮ್ಮ ಕಡೆ ಬಹಳ ಜನಕ್ಕೆ ಅದು ಗೊತ್ತಾದದ್ದು ಪಟ್ಟಿ ನೋಡಿದ ಮೇಲೆಯೇ. ಬೆಂಗಳೂರಿನ ಕಂಪನಿ ರಿಜಿಸ್ಟ್ರಾರ್ ವ್ಯಾಪ್ತಿಯ ಪಟ್ಟಿಯಲ್ಲಿ ಹುಡುಕುತ್ತ ಹೋದೆ. ದೊಡ್ಡಪ್ಪನ ಹೆಸರು ಸಿಕ್ಕಿತು. ಅದರ ಕೆಳಗೇ ಚಿಕ್ಕಮ್ಮನ ಹೆಸರು.

ಬ್ಯಾಂಕಿಗೆ ಅದು ತಿಳಿಯಲು ತಡವಾಗಲಿಲ್ಲ. ಕಾಯಿ ಬರುವ ಕಾಲ, ಓವರ್‌ಡ್ರಾಫ್ಟ್ (ಓಡಿ) ನವೀಕರಣಕ್ಕೆ ಹೋದರೆ ನಿರ್ದೇಶಕರೇ ಅನರ್ಹರು ಅಂತ ಕಡತ ವಾಪಸ್ ಬಂತು. ಪಾವಗಡದ ರೈತರು ರೊಕ್ಕಕ್ಕೆ ಕಾದು, ಕೊನೆಗೆ ಚಳ್ಳಕೆರೆ ಕಡೆಗೆ ಲೋಡು ತಿರುಗಿಸಿಕೊಂಡು ಹೋದರು. ಸುಗ್ಗಿಯಲ್ಲಿ ನಮ್ಮ ಮಿಲ್ಲು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸರ್ಕಾರ ಒಂದು ದಾರಿ ಬಿಟ್ಟಿತ್ತು. 2018ರ ಜನವರಿ 1ರಿಂದ ವಿಳಂಬ ಮನ್ನಾ ಯೋಜನೆ ಜಾರಿಗೆ ಬಂತು. ಹೆಸರು ಹೊಡೆದುಹಾಕದ ಕಂಪನಿಗಳು ಬಾಕಿ ಲೆಕ್ಕಪತ್ರಗಳನ್ನೆಲ್ಲ ದಂಡಶುಲ್ಕ ಸಮೇತ ಸಲ್ಲಿಸಿ, ಮೇಲೆ 30,000 ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ ನಿರ್ದೇಶಕರ ಅನರ್ಹತೆ ತೆಗೆಯುವ ಯೋಜನೆ ಅದು. ನಮ್ಮ ಎರಡನೇ ಕಂಪನಿಯ ಹೆಸರು ಅದೃಷ್ಟಕ್ಕೆ ಇನ್ನೂ ದಾಖಲೆಯಲ್ಲಿ ಉಳಿದಿತ್ತು. ಅದರ ಹಳೆಯ ವರ್ಷಗಳ ಬ್ಯಾಲೆನ್ಸ್ ಶೀಟು, ಜೊತೆಗೆ ಮಿಲ್ಲಿನ ಆ ವರ್ಷದ ಬ್ಯಾಲೆನ್ಸ್ ಶೀಟು, ಎಲ್ಲಕ್ಕೂ ಇಬ್ಬರ ಸಹಿ ಬೇಕಿತ್ತು. ಕಡತ ಹಿಡಿದುಕೊಂಡು ನಾನೇ ಮಧುಗಿರಿಗೆ ಬಂದೆ.

ಚಿಕ್ಕಮ್ಮ ಅಡುಗೆಮನೆ ಬಾಗಿಲ ಹತ್ತಿರ ನಿಂತಿದ್ದರು. ಗಂಡನ ಅಣ್ಣನ ಎದುರು ಅವರು ಯಾವತ್ತೂ ಕುರ್ಚಿಯ ಮೇಲೆ ಕೂತವರಲ್ಲ. ಮಾತು ಇದ್ದರೆ ಬಾಗಿಲ ಮರೆಯಿಂದ, ಅದೂ ಮಕ್ಕಳ ಮೂಲಕ. ದೊಡ್ಡಪ್ಪ ಹಜಾರದಲ್ಲಿ ಕೂತು, ‘ಸೈನ್ ಹಾಕಿ ಕೊಡಮ್ಮ, ಮಗು ಸಾಯಂಕಾಲದ ಬಸ್ಸಿಗೆ ವಾಪಸ್ ಹೋಗ್ಬೇಕು’ ಅಂದರು.

ಚಿಕ್ಕಮ್ಮ ನನ್ನ ಕೈಯಿಂದ ಕಾಗದ ತೆಗೆದುಕೊಂಡರು. ಮೊದಲ ಹಾಳೆ ನೋಡಿದರು, ಎರಡನೆಯದು ನೋಡಿದರು. ಆಮೇಲೆ, ‘ಓದದೆ ಸೈನ್ ಹಾಕಲ್ಲ ಭಾವ’ ಅಂದರು.

ಹಜಾರದಲ್ಲಿ ಯಾರೂ ಮಾತಾಡಲಿಲ್ಲ. ದೊಡ್ಡಪ್ಪನ ಮುಖ ಕಪ್ಪಿಟ್ಟಿತು. ‘ನನ್ನ ಮೇಲೆ ನಂಬಿಕೆ ಇಲ್ವೇನಮ್ಮ ನಿಂಗೆ?’

‘ನಂಬಿಕೆ ಇರೋದ್ಕೇ ನಿಮ್ಮನ್ನ ಕೇಳ್ತಿದೀನಿ. ಇಲ್ದಿದ್ರೆ ವಕೀಲರ ಹತ್ರ ಹೋಗ್ತಿದ್ದೆ. ಸರ್ಕಾರದೋರು ಪಟ್ಟೀಲಿ ನನ್ನ ಹೆಸರು ಹಾಕೋವಾಗ ಇವಳಿಗೆ ಏನೂ ಗೊತ್ತಿಲ್ಲ ಅಂತ ಬಿಡ್ಲಿಲ್ಲ. ಬ್ಯಾಂಕಿನ ಸಾಲಕ್ಕೆ ಜಾಮೀನು ಅಂತಾನೂ ನನ್ನ ಸೈನ್ ಇದೆಯಂತೆ. ನಾಳೆ ಯಾರಾದ್ರೂ ಬಂದು ಕೇಳಿದ್ರೆ ನಾನು ಏನು ಹೇಳ್ಲಿ ಭಾವ?’

ಇದಕ್ಕೆ ಉತ್ತರ ಯಾರ ಹತ್ತಿರವೂ ಇರಲಿಲ್ಲ. ನಾನು ಮೆಲ್ಲಗೆ ಕಾನೂನು ಹೇಳಿದೆ. ಕಂಪನಿಯ ಲೆಕ್ಕದ ಪುಸ್ತಕಗಳನ್ನು ಯಾವ ನಿರ್ದೇಶಕರೇ ಆಗಲಿ ಕೆಲಸದ ಹೊತ್ತಿನಲ್ಲಿ ನೋಡಬಹುದು ಅಂತ 128ನೇ ಕಲಂ ಹೇಳುತ್ತದೆ, ಅದಕ್ಕೆ ಇನ್ನೊಬ್ಬರ ಅಪ್ಪಣೆ ಬೇಕಿಲ್ಲ. ದೊಡ್ಡಪ್ಪ ಎದ್ದು ಹೊರಗೆ ಹೋದರು. ಆ ದಿನ ಬಸ್ಸಿಗೆ ನಾನು ಹೋಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅವರೇ, ‘ನಾಳೆ ಬೆಳಗ್ಗೆ ಮಿಲ್ ಹತ್ರ ಬರ್ಲಿ, ಪುಸ್ತಕ ಎಲ್ಲ ತೆಗೆಸ್ತೀನಿ’ ಅಂದರು.

ಮರುದಿನ ಮಿಲ್ಲಿನ ಆಫೀಸು ರೂಮಿನಲ್ಲಿ ನಡೆದದ್ದು ನಮ್ಮ ಕಂಪನಿಯ ಮೊದಲ ನಿಜವಾದ ಬೋರ್ಡ್ ಮೀಟಿಂಗ್. ಕಾಗದದ ಮೇಲೆ ಅದಕ್ಕೂ ಮೊದಲು ಎಷ್ಟೋ ನಡೆದಿದ್ದವು. ಮಿನಿಟ್ಸ್ ಪುಸ್ತಕ ತೆಗೆದರೆ ಪ್ರತಿ ಮೀಟಿಂಗಿಗೂ ಹಾಜರಿ ಪಟ್ಟಿಯಲ್ಲಿ ಚಿಕ್ಕಮ್ಮನ ಹೆಸರು. ಒಂದು ತಾರೀಕಿನ ಮೇಲೆ ಬೆರಳಿಟ್ಟು, ‘ಅವತ್ತು ನಾನು ತವರಿನೋರ ಜೊತೆ ಗೊರವನಹಳ್ಳಿ ಲಕ್ಷ್ಮಿ ದೇವಸ್ಥಾನದಲ್ಲಿದ್ದೆ’ ಅಂದರು. ಗುಮಾಸ್ತರು ತಲೆ ತಗ್ಗಿಸಿದರು. ನಾನು ನಿಂತೇ ಇದ್ದೆ, ಚಿಕ್ಕಮ್ಮನೂ ನಿಂತೇ ಇದ್ದರು. ದೊಡ್ಡಪ್ಪ ಒಂದು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದು, ‘ಕೂತ್ಕೊಮ್ಮ, ನಿಂತ್ಕೊಂಡು ಲೆಕ್ಕ ನೋಡಕ್ಕಾಗಲ್ಲ’ ಅಂದರು. ಕೂತರು.

ಡೆಬಿಟ್ಟು ಕ್ರೆಡಿಟ್ಟು ಅವರಿಗೆ ತಿಳಿಯದು, ನಾನು ಬಿಡಿಸಿ ಹೇಳಬೇಕು ಅಂದುಕೊಂಡೇ ಪಕ್ಕದಲ್ಲಿ ಕೂತಿದ್ದೆ. ಅವರು ಕೇಳಿದ್ದು ಬೇರೆಯೇ. ‘ಈ ವರ್ಷ ಎಷ್ಟು ಬೀಜ ಅರೆದ್ವಿ?’ ಗುಮಾಸ್ತರು ಹೇಳಿದರು. ‘ಎಣ್ಣೆ ಎಷ್ಟು ಬಂತು?’ ಅದನ್ನೂ ಹೇಳಿದರು. ‘ಹಿಂಡಿ ಎಷ್ಟು ಮಾರಿದ್ವಿ?’ ಪುಸ್ತಕ ನೋಡಿ ಹೇಳಿದರು. ಚಿಕ್ಕಮ್ಮ ಒಂದು ಚೂರು ಕಾಗದದ ಮೇಲೆ ಗುಣಿಸಿ ನೋಡಿದರು. ಮಿಲ್ಲಿನ ಮನೆಗೆ ಸೊಸೆಯಾಗಿ ಬಂದಾಗಿನಿಂದ ಕೇಳಿಸಿಕೊಂಡ ಲೆಕ್ಕ ಅದು: ನೂರು ಕೆಜಿ ಬೀಜ ಅರೆದರೆ ನಲವತ್ತರ ಮೇಲೆ ಎಣ್ಣೆ, ಐವತ್ತರ ಮೇಲೆ ಹಿಂಡಿ, ಸ್ವಲ್ಪ ತೇವ, ಸ್ವಲ್ಪ ಕಸ. ಪುಸ್ತಕದಲ್ಲಿ ಎಣ್ಣೆ ಸರಿ ಇತ್ತು. ಹಿಂಡಿ ಕಡಿಮೆ ಇತ್ತು, ಕಣ್ಣಿಗೆ ಕಾಣುವಷ್ಟು ಕಡಿಮೆ.

‘ಉಳಿದ ಹಿಂಡಿ ಎಲ್ಲಿ ಹೋಯ್ತು ಭಾವ?’

ಆಡಿಟರ್ ಆಫೀಸಿನಲ್ಲಿ ಎಷ್ಟೋ ಮಿಲ್ಲುಗಳ ಕಡತ ನೋಡಿದ್ದೆ, ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದ್ದನ್ನು ನೋಡಿರಲಿಲ್ಲ. ದೊಡ್ಡಪ್ಪ ಸುಳ್ಳು ಹೇಳಲಿಲ್ಲ. ಕಚ್ಚಾ ಚೀಟಿಯಲ್ಲಿ ಮಾರಿದ ಹಿಂಡಿಯ ಹಣ ಪುಸ್ತಕಕ್ಕೆ ಬಂದಿರಲಿಲ್ಲ. ಅದರದ್ದು ಒಂದು ನೋಟ್‌ಬುಕ್ ಬೇರೆಯೇ ಇತ್ತು. ಬೀರುವಿನಿಂದ ಅದನ್ನು ತಂದು ಮೇಜಿನ ಮೇಲೆ ಇಟ್ಟರು. ಬರ ಬಿದ್ದ ವರ್ಷ ಪಾವಗಡದ ರೈತರಿಗೆ ಬಿತ್ತನೆಗೆಂದು ಕೊಟ್ಟ ಕೈಸಾಲ ಅದರಲ್ಲಿತ್ತು. ಮನೆಯ ಮದುವೆಯ ಖರ್ಚಿತ್ತು. ದೊಡ್ಡಪ್ಪನ ಮಗ ಬೆಂಗಳೂರಿನಲ್ಲಿ ಕೊಂಡ ಸೈಟಿಗೆ ಹೋದ ಕಂತಿತ್ತು. ಪುಟ ತಿರುವುತ್ತ ತಿರುವುತ್ತ ಚಿಕ್ಕಮ್ಮನ ಕೈ ಒಂದು ಕಡೆ ನಿಂತಿತು. ಅಲ್ಲಿ ಅವರ ಮಗಳ ಇಂಜಿನಿಯರಿಂಗ್ ಕಾಲೇಜಿನ ಫೀಸು ಬರೆದಿತ್ತು, ವರ್ಷವಾರು.

ದೊಡ್ಡಪ್ಪ, ‘ಅದು ಬಿಡಮ್ಮ. ಅಪ್ಪ ಇಲ್ದ ಮಗು, ಅದನ್ನ ಲೆಕ್ಕಕ್ಕೆ ತರಬಾರ್ದು’ ಅಂದರು. ಅವರ ಮಾತಿನಲ್ಲಿ ಪ್ರೀತಿಯೇ ಇತ್ತು.

ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬರೀರಿ ಭಾವ. ಸೈಟಿಂದೂ ಬರೀರಿ, ನನ್ನ ಮಗಳ ಫೀಸೂ ಬರೀರಿ. ನನಗೆ ಬರೋ ಸಂಬಳದಲ್ಲಿ ಹಿಡ್ಕೊಳ್ಳಿ. ಸಂಬಳ ಅಂತ ಒಂದು ಇದ್ರೆ’ ಅಂದರು.

ಸಂಬಳ ಇರಲಿಲ್ಲ. ಅಷ್ಟು ವರ್ಷ ನಿರ್ದೇಶಕಿಯಾಗಿದ್ದವರಿಗೆ ಕಂಪನಿಯಿಂದ ಒಂದು ರೂಪಾಯಿ ಸಂಬಳವೂ ಬರೆದಿರಲಿಲ್ಲ. ಮನೆಯಿಂದ ಬಂದದ್ದೆಲ್ಲ ದೊಡ್ಡಪ್ಪನ ದಾಕ್ಷಿಣ್ಯ ಅನ್ನುವ ಹಾಗೆ ಇತ್ತು. ಅದು ದಾಕ್ಷಿಣ್ಯವಲ್ಲ, ಚಿಕ್ಕಪ್ಪನಿಂದ ಬಂದ ಅರ್ಧ ಷೇರಿನ ಪಾಲು ಅನ್ನುವುದು ಆ ನೋಟ್‌ಬುಕ್ಕನ್ನು ದೊಡ್ಡ ಪುಸ್ತಕದ ಪಕ್ಕದಲ್ಲಿ ಇಟ್ಟಾಗ ಎಲ್ಲರಿಗೂ ಕಂಡಿತು, ದೊಡ್ಡಪ್ಪನಿಗೂ. ಲೆಕ್ಕ ಮುಚ್ಚಿಟ್ಟ ಮನೆಯಲ್ಲಿ ಹಕ್ಕು ಕೂಡ ಉಪಕಾರದ ಹಾಗೆ ಕಾಣುತ್ತದೆ ಅಂತ ನಾನು ಕಲಿತದ್ದು ಅವತ್ತು. 1994ರಲ್ಲೇ ಕರ್ನಾಟಕ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿ ತಂದಿತ್ತು, ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಆದರೆ ಪಾಲು ಎಷ್ಟು ಅಂತ ತಿಳಿಯಬೇಕಾದರೆ ಮೊದಲು ಒಟ್ಟು ಎಷ್ಟಿದೆ ಅಂತ ಗೊತ್ತಾಗಬೇಕಲ್ಲ.

ಸಂಜೆಯವರೆಗೂ ಕೂತು ಒಂದೊಂದನ್ನೇ ಬರೆದೆವು. ರೈತರ ಕೈಸಾಲ ಕಂಪನಿಯ ಮುಂಗಡವಾಯಿತು. ಸೈಟಿನ ಕಂತು ದೊಡ್ಡಪ್ಪನ ಹೆಸರಿಗೆ ಸಾಲವಾಯಿತು. ಫೀಸು ಚಿಕ್ಕಮ್ಮನ ಹೆಸರಿಗೆ. ಕಟ್ಟಬೇಕಾದ ತೆರಿಗೆಯನ್ನು ಬಡ್ಡಿ ಸಮೇತ ಕಟ್ಟುವುದೆಂದು ನಿರ್ಣಯ ಮಾಡಿ, ಮಿನಿಟ್ಸನ್ನು ಕನ್ನಡದಲ್ಲೇ ಬರೆದು ಓದಿ ಹೇಳಿದೆ. ಆಮೇಲೆ ಚಿಕ್ಕಮ್ಮ ಪ್ರತಿ ಹಾಳೆಯನ್ನೂ ನೋಡಿ ಸೈನ್ ಹಾಕಿದರು. ಮನ್ನಾ ಯೋಜನೆಯ ಅವಧಿ ಮುಗಿಯುವ ಮೊದಲೇ ಅರ್ಜಿ ಹೋಯಿತು, ಅನರ್ಹತೆ ತೊಲಗಿತು, ಓಡಿ ನವೀಕರಣವಾಯಿತು. ಬ್ಯಾಂಕಿನವರು ಹೊಸ ಬ್ಯಾಲೆನ್ಸ್ ಶೀಟು ನೋಡಿ ಸಾಲದ ಮಿತಿ ಕಡಿಮೆ ಮಾಡಲಿಲ್ಲ, ಹೆಚ್ಚಿಸಿದರು. ಎಲ್ಲ ಹಿಂಡಿಯೂ ಪುಸ್ತಕದಲ್ಲಿದ್ದರೆ ವಹಿವಾಟು ದೊಡ್ಡದಾಗಿಯೇ ಕಾಣುತ್ತದೆ.

ಅದೇ ವರ್ಷ ಇನ್ನೊಂದು ನಿಯಮ ಬಂತು. ನಿರ್ದೇಶಕರೆಲ್ಲ ತಮ್ಮದೇ ಮೊಬೈಲ್ ನಂಬರು, ತಮ್ಮದೇ ಇ-ಮೇಲ್ ಕೊಟ್ಟು, ಒಟಿಪಿ ಮೂಲಕ ಕೆವೈಸಿ ಮಾಡಿಸಬೇಕಾಯಿತು. ಅಲ್ಲಿಯವರೆಗೆ ಚಿಕ್ಕಮ್ಮನ ಹೆಸರಿನ ಮುಂದೆ ಇದ್ದದ್ದು ಆಡಿಟರ್ ಆಫೀಸಿನ ನಂಬರು. ಒಟಿಪಿ ಅವರ ಫೋನಿಗೆ ಬಂದ ದಿನವೇ ತಮ್ಮ ಟೋಕನ್ನನ್ನೂ ಡ್ರಾಯರಿನಿಂದ ತರಿಸಿಕೊಂಡು, ಪಾಸ್‌ವರ್ಡ್ ಬದಲಾಯಿಸಿ, ಬೀರುವಿನಲ್ಲಿ ಒಡವೆಯ ಪಕ್ಕದಲ್ಲಿ ಇಟ್ಟರು.

2019ರ ಜೂನ್ 12ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಯಶೋಧರಾ ಶ್ರಾಫ್ ಪ್ರಕರಣದಲ್ಲಿ ತೀರ್ಪು ಕೊಟ್ಟರು. 164(2) ಕಲಂ ಸಂವಿಧಾನಬದ್ಧ, ಆದರೆ 2014ರ ಏಪ್ರಿಲ್ 1ಕ್ಕಿಂತ ಹಿಂದಿನ ಆರ್ಥಿಕ ವರ್ಷವನ್ನು ಸೇರಿಸಿ ಮೂರು ವರ್ಷ ಎಣಿಸಿದ್ದು ಸಲ್ಲದು ಎಂದರು. ಬಹಳ ಜನಕ್ಕೆ ಆ ತೀರ್ಪಿನಿಂದ ಬಿಡುಗಡೆ ಸಿಕ್ಕಿತು. ಅಷ್ಟು ದಿನ ಕಾದಿದ್ದರೆ ನಮಗೂ ಸಿಗುತ್ತಿತ್ತಲ್ಲ ಅಂತ ಯಾರೋ ಅಂದರು. ದೊಡ್ಡಪ್ಪ, ‘ಕೋರ್ಟು ಹೆಸರು ತೆಗೀತಿತ್ತು, ಹಿಂಡಿ ಲೆಕ್ಕ ತೆಗೀತಿರ್ಲಿಲ್ಲ’ ಅಂದುಬಿಟ್ಟರು. ಆ ಮಾತು ಅವರ ಬಾಯಲ್ಲಿ ಬಂದದ್ದಕ್ಕೆ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ.

ಮುಂದಿನ ತಿಂಗಳ ಕೊನೆಗೆ ನೇತ್ರಾವತಿ ಸೇತುವೆಯ ಹತ್ತಿರ ಕಾಫಿ ಡೇ ಸಂಸ್ಥಾಪಕ ವಿ.ಜಿ. ಸಿದ್ಧಾರ್ಥ ಕಾಣೆಯಾದ ಸುದ್ದಿ ಬಂತು. ಎರಡು ದಿನ ಇಡೀ ಕರ್ನಾಟಕ ಟಿವಿ ಮುಂದೆ ಕೂತಿತ್ತು, ನಮ್ಮ ಮನೆಯೂ. ಚಿಕ್ಕಮ್ಮ ಅತ್ತದ್ದು ಸಿದ್ಧಾರ್ಥ ಅವರ ಹೆಂಡತಿ ಮಾಳವಿಕಾ ಹೆಗ್ಡೆಯವರನ್ನು ನೆನೆದು. ಆ ಕಂಪನಿಯ ಬೋರ್ಡಿನಲ್ಲಿ ಅವರು ಮೊದಲಿಂದಲೇ ನಿರ್ದೇಶಕಿಯಾಗಿದ್ದರು. 2020ರ ಡಿಸೆಂಬರ್‌ನಲ್ಲಿ ಸಿಇಒ ಆಗಿ, ಸಾವಿರಾರು ಕೋಟಿಯ ಸಾಲವನ್ನು ಆಸ್ತಿ ಮಾರಿ ಇಳಿಸುತ್ತ ಬಂದರು. ಕಂಪನಿಯ ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ, ಕುಟುಂಬಕ್ಕೆ ಸೇರಿದ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್‌ಗೆ ಹೋಗಿತ್ತು ಎಂದು ಷೇರುಪೇಟೆಯ ನಿಯಂತ್ರಕ ಸೆಬಿ 2023ರ ಜನವರಿಯ ಆದೇಶದಲ್ಲಿ ಹೇಳಿ, ಕಂಪನಿಗೆ 26 ಕೋಟಿ ದಂಡ ಹಾಕಿತು. ಷೇರುಪೇಟೆಯಲ್ಲಿ ಹೆಸರಿದ್ದ, ಆಡಿಟರ್‌ಗಳೂ ಸ್ವತಂತ್ರ ನಿರ್ದೇಶಕರೂ ಇದ್ದ ಕಂಪನಿಯ ಮಾತು ಇದು. ನಮ್ಮ ಹಿಂಡಿಯ ನೋಟ್‌ಬುಕ್ಕಿಗೂ ಅದಕ್ಕೂ ಗಾತ್ರದಲ್ಲಿ ಆಕಾಶ ಭೂಮಿಯ ಅಂತರ. ಆದರೆ ಮನೆಯ ದುಡ್ಡು, ಕಂಪನಿಯ ದುಡ್ಡು ಎರಡರ ನಡುವೆ ಗೆರೆ ಎಲ್ಲಿ ಅನ್ನುವ ಪ್ರಶ್ನೆ ಎರಡೂ ಕಡೆ ಒಂದೇ.

ಬೋರ್ಡಿನಲ್ಲಿ ಹೆಂಗಸರ ಮಾತು ಬಂದದ್ದಕ್ಕೆ ಇದನ್ನೂ ಹೇಳುತ್ತೇನೆ. ಷೇರುಪೇಟೆಯ ಕಂಪನಿಗಳಲ್ಲೂ, 100 ಕೋಟಿ ಬಂಡವಾಳ ಅಥವಾ 300 ಕೋಟಿ ವಹಿವಾಟು ಇರುವ ಪಬ್ಲಿಕ್ ಕಂಪನಿಗಳಲ್ಲೂ ಒಬ್ಬ ಮಹಿಳಾ ನಿರ್ದೇಶಕಿ ಇರಲೇಬೇಕೆಂದು 2013ರ ಕಾಯ್ದೆ ಹೇಳಿತು. ಸೆಬಿ ಕೊಟ್ಟ ಗಡುವು 2015ರ ಏಪ್ರಿಲ್ 1. ಆ ಗಡುವಿನೊಳಗೆ ಎಷ್ಟೋ ಮನೆತನಗಳು ಹೆಂಡತಿ, ಮಗಳು, ಸೊಸೆಯನ್ನೇ ಬೋರ್ಡಿಗೆ ತಂದವು. ಅದಕ್ಕೇ ಸೆಬಿ ನೇಮಿಸಿದ ಉದಯ್ ಕೋಟಕ್ ಸಮಿತಿಯ ಸಲಹೆಯಂತೆ, 2019ರಿಂದ ಷೇರುಪೇಟೆಯ ಮೊದಲ 500 ಕಂಪನಿಗಳಿಗೂ 2020ರಿಂದ ಮೊದಲ 1,000 ಕಂಪನಿಗಳಿಗೂ ಮನೆತನಕ್ಕೆ ಸಂಬಂಧವಿಲ್ಲದ ಸ್ವತಂತ್ರ ಮಹಿಳಾ ನಿರ್ದೇಶಕಿ ಕಡ್ಡಾಯವಾಯಿತು. ಇದು ಒಳ್ಳೆಯ ನಿಯಮ. ಆದರೂ ಮನೆಯ ಹೆಣ್ಣು ಬೋರ್ಡಿನಲ್ಲಿ ಇದ್ದರೆ ಅದು ಬರೀ ಹೆಸರಿಗೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಎಷ್ಟು ಬೀಜಕ್ಕೆ ಎಷ್ಟು ಹಿಂಡಿ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ, ಚಿಕ್ಕಮ್ಮನಿಗೆ ಗೊತ್ತಿತ್ತು. ಪುಸ್ತಕ ಕೈಗೆ ಸಿಕ್ಕದೆ ಆ ತಿಳಿವಳಿಕೆ ಅಷ್ಟು ವರ್ಷ ಅಡುಗೆಮನೆಯಲ್ಲೇ ಉಳಿದಿತ್ತು.

ಈಗ ಮಿಲ್ಲಿನಲ್ಲಿ ಮೂರು ತಿಂಗಳಿಗೊಮ್ಮೆ ಬೋರ್ಡ್ ಮೀಟಿಂಗ್ ನಡೆಯುತ್ತದೆ. ಏಳು ದಿನ ಮುಂಚೆ ನೋಟಿಸು ಹೋಗುತ್ತದೆ, ಲೆಕ್ಕ ಗಟ್ಟಿಯಾಗಿ ಓದುತ್ತಾರೆ. ಚಿಕ್ಕಮ್ಮನಿಗೆ ತಿಂಗಳ ಸಂಬಳ ಇದೆ. ದೊಡ್ಡಪ್ಪನ ಸೊಸೆ ಕೂಡ ಈಗ ನಿರ್ದೇಶಕಿ, ಅವಳು ಮೊದಲ ಸಹಿ ಹಾಕಿದ್ದು ಇಡೀ ಕಡತ ಓದಿದ ಮೇಲೆ. ಹಾಗೆ ಓದಿಸಿದ್ದು ದೊಡ್ಡಪ್ಪನೇ.

ನಿಮ್ಮ ಹೆಸರೂ ಯಾವುದಾದರೂ ಕಂಪನಿಯಲ್ಲಿ ಇದ್ದೀತು, ಅಪ್ಪನದೋ ಅತ್ತೆಮನೆಯದೋ. ಇದ್ದರೆ ಇಷ್ಟು ಮಾಡಿ. ನಿಮ್ಮ ನಿರ್ದೇಶಕ ಸಂಖ್ಯೆ ಯಾವುದು, ಅದು ಯಾವ್ಯಾವ ಕಂಪನಿಗೆ ಅಂಟಿಕೊಂಡಿದೆ ಅಂತ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನೋಡಿ. 100 ರೂಪಾಯಿ ಕಟ್ಟಿದರೆ ಕಂಪನಿ ಸಲ್ಲಿಸಿದ ಲೆಕ್ಕಪತ್ರ ಯಾರಿಗಾದರೂ ನೋಡಲು ಸಿಗುತ್ತದೆ, ನಿಮಗಂತೂ ಪುಸ್ತಕವನ್ನೇ ನೋಡುವ ಹಕ್ಕಿದೆ. ಟೋಕನ್ ನಿಮ್ಮ ಬೀರುವಿನಲ್ಲಿ ಇಟ್ಟುಕೊಳ್ಳಿ. ಜಾಮೀನು ಪತ್ರಕ್ಕೆ ಸಹಿ ಹಾಕಿದ್ದರೆ ಅದರ ಒಂದು ಪ್ರತಿ ಕೇಳಿ ಪಡೆಯಿರಿ. ನೀವು ಹೋಗದ ಮೀಟಿಂಗಿನಲ್ಲಿ ನಿಮ್ಮ ಹಾಜರಿ ಬರೆಯಲು ಬಿಡಬೇಡಿ. ಹಿರಿಯರಿಗೆ ಬೇಸರವಾದೀತು ಅಂತ ಕೇಳದೆ ಸುಮ್ಮನಿರಬೇಡಿ. ನಮ್ಮ ಮನೆಯಲ್ಲಿ ಬೇಸರ ಕೆಲವೇ ದಿನ ಇತ್ತು, ಲೆಕ್ಕ ಇವತ್ತಿಗೂ ಸರಿಯಾಗಿದೆ.